ಸೋಫಾದ ರಂಗಪ್ರವೇಶ

ಪರದೆರಾಯನ ಫಜೀತಿಗೆಲ್ಲ ಮೂಲ ಅವನೇ ಬಟ್ಟೆಯ ಮೇಲೆ ಬರೆದ ಒಂದು ಸೋಫಾ. ನಾಟಕದ ತಂಡಕ್ಕೆ ರಂಗಸಜ್ಜಿಕೆ ಮಾಡಿಕೊಡುತ್ತಿದ್ದ ಅವನು ಕಾಡು, ಕಡಲು, ಅರಮನೆ ಏನು ಕೇಳಿದರೂ ಪರದೆಯ ಮೇಲೆ ಬರೆದು ಇಳಿಬಿಡುತ್ತಿದ್ದ. ಆ ಹೆಸರು ಅಂಟಿಕೊಂಡದ್ದೇ ಹಾಗೆ. ಈ ಸಲದ್ದು ಜಿಪುಣನೊಬ್ಬನ ಸಂಸಾರದ ನಾಟಕ. ಮಾತಿಗಿಂತ ಹಾಡೇ ಹೆಚ್ಚು. ನಾಟಕ ಸ್ಪರ್ಧೆಯ ದಿನ ಬೆಳಿಗ್ಗೆ ತಾಲೀಮಿನಲ್ಲಿ ನಾಯಕಿ ಹಾಡಿನ ಗುಂಗಿನಲ್ಲಿ ಆ ಸೋಫಾದ ಮೇಲೆ ಕೂರಲು ಹೋಗಿ ಪರದೆ ಸಮೇತ ನೆಲಕ್ಕೆ ಬಿದ್ದಳು.

"ಏನ್ರೀ ಇದು? ಚಿತ್ರದ ಸೋಫಾ ಮೇಲೆ ಯಾರಾದ್ರೂ ಕೂತ್ಕೊಂಡು ಹಾಡ್ತಾರಾ?" ನಿರ್ದೇಶಕರು ಕಿರುಚಿದರು. "ಸಾಯಂಕಾಲದೊಳಗೆ ನನಗೆ ನಿಜವಾದ ಮನೆ ಬೇಕು. ರಂಗಸಜ್ಜಿಕೆಗೆ ಈ ಸಲಾನೂ ಬಹುಮಾನ ಬರ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

"ಸಾಮಾನು ತರೋಕೆ ಏನಾದ್ರೂ..." ಎಂದು ಪರದೆರಾಯ ತಲೆ ಕೆರೆದ. ದುಡ್ಡಿನ ಮಾತು ಬಂದರೆ ನಿರ್ದೇಶಕರಿಗೆ ತಟ್ಟನೆ ಕಲೆ ನೆನಪಾಗುತ್ತದೆ.

"ಕಲೆಗೆ ಬೇಕಾಗಿರೋದು ಕಣ್ಣು ಕಣ್ರೀ, ಕಣ್ಣು!"

ಪರದೆರಾಯನ ಕಣ್ಣು ಸ್ವಂತ ಮನೆಯ ಮೇಲೆ ಬಿತ್ತು. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು, ಬರುವುದು ನಾಳೆ. ಅಷ್ಟರಲ್ಲಿ ಎಲ್ಲ ವಾಪಸ್ ತಂದಿಟ್ಟರಾಯಿತು. ಬಾಡಿಗೆ ವ್ಯಾನು ಕರೆಸಿ ಕಡುನೇರಳೆ ಸೋಫಾ, ಗಿಳಿಹಸಿರು ಕರ್ಟನ್, ಪ್ಲಾಸ್ಟಿಕ್ ಹೂವಿನ ಕುಂಡ, ಹಂಸದ ಆಕಾರದ ಗಡಿಯಾರ ಎಲ್ಲ ಹೇರಿಸಿದ. ಎಲ್ಲವೂ ಅವಳು ಅಂಗಡಿ ಅಂಗಡಿ ಅಲೆದು ಆರಿಸಿದವು. ಆ ಸೋಫಾದ ಮೇಲೆ ಧೂಳು ಕೂತರೂ ಅವಳು ಸಹಿಸುತ್ತಿರಲಿಲ್ಲ, ಗಂಡ ಕೂತರಂತೂ ಕೇಳುವುದೇ ಬೇಡ.

ಎದುರುಮನೆ ಆಂಟಿ ಗೇಟಿಗೆ ಬಂದು ನಿಂತರು. "ಮನೆ ಖಾಲಿ ಮಾಡ್ತಿದೀರಾ?"

"ಇಲ್ಲ ಆಂಟಿ, ಸೋಫಾನ ಸ್ವಲ್ಪ ಬಿಸಿಲಿಗೆ ಹಾಕೋಣ ಅಂತ."

"ವ್ಯಾನಲ್ಲಿ ಹೇರ್ಕೊಂಡಾ? ಯಾಕೆ, ನಮ್ಮ ಬೀದೀಲಿ ಬಿಸಿಲಿಲ್ವಾ?"

ಪರದೆರಾಯ ಗಾಬರಿಯಿಂದ ನಾಟಕದ ಪಾಸುಗಳನ್ನು ಆಕೆಯ ಕೈಗೆ ತುರುಕಿ, ವಿಷಯ ಹೇಳಿ, "ಯಾರಿಗೂ ಹೇಳ್ಬೇಡಿ" ಎಂದು ಬೇಡಿಕೊಂಡ. ಆಂಟಿಗೆ ಹಾಗನ್ನುವುದೂ ಮೈಕು ಕೊಡುವುದೂ ಒಂದೇ. ವ್ಯಾನು ತಿರುವು ದಾಟುವ ಮೊದಲೇ ಸುದ್ದಿ ಹೆಂಡತಿಯ ಫೋನು ಮುಟ್ಟಿತ್ತು.

ರಂಗಮಂದಿರದಲ್ಲಿ ಇನ್ನೊಂದು ರಗಳೆ. ನಾಯಕಿ ಕೂತಾಗಲೆಲ್ಲ ಸೋಫಾದ ಸ್ಪ್ರಿಂಗು 'ಕುಂಯ್' ಎನ್ನುತ್ತಿತ್ತು. "ನಾನು ಇದಕ್ಕೆ ಶ್ರುತಿ ಸೇರಿಸ್ಲಾ, ಇದು ನನಗೆ ಸೇರಿಸುತ್ತಾ?" ಎಂದು ಪಿಟೀಲಿನವನು ಕಮಾನು ಕೆಳಗಿಟ್ಟ. ಎಣ್ಣೆ ಹಾಕಿದರು, ದಿಂಬು ತುರುಕಿದರು. ಸೋಫಾ ಜಗ್ಗಲಿಲ್ಲ. ಕೊನೆಗೆ ಪಿಟೀಲೇ ಸೋತಿತು.

ನಾಟಕ ಶುರುವಾಗುವ ಹೊತ್ತಿಗೆ ರಂಗದ ಪಕ್ಕದಿಂದ ಇಣುಕಿದ ಪರದೆರಾಯ ಬೆಚ್ಚಿಬಿದ್ದ. ಮುಂದಿನ ಸಾಲಿನಲ್ಲಿ ಆಂಟಿ, ಆಂಟಿಯ ಪಕ್ಕದಲ್ಲಿ ಹೆಂಡತಿ! ತನ್ನ ಕತೆ ಮುಗಿಯಿತು ಎಂದುಕೊಂಡ. ಆದರೆ ಅವಳ ಮುಖ ಊರಗಲ ಅರಳಿತ್ತು. "ಕರ್ಟನ್ ನಂದೇ, ನಾನೇ ಆರಿಸಿದ್ದು" ಎಂದು ಹಿಂದಿನ ಸಾಲಿನವರಿಗೂ ತಿರುಗಿ ತಿರುಗಿ ಹೇಳುತ್ತಿದ್ದಳು. ಅವನನ್ನು ಕಂಡು ನಗುತ್ತಾ ಕೈಯನ್ನೂ ಬೀಸಿದಳು. ಮದುವೆಯಾದ ಮೇಲೆ ಇಂಥದ್ದೊಂದು ನಗು ಕಂಡಿರದ ಪರದೆರಾಯ ಸಂತೋಷದಿಂದ ಎರಡೂ ಕೈ ಬೀಸಿದ.

ನಾಟಕ ಮುಗಿಯಿತು. ರಂಗಸಜ್ಜಿಕೆಯ ಬಹುಮಾನ ಅವನಿಗೇ ಬಂತು. ತೀರ್ಪುಗಾರರು ಅವನನ್ನು ವೇದಿಕೆಗೆ ಕರೆದು ಮೈಕು ಹಿಡಿದರು.

"ಜಿಪುಣರ ಮನೇನ ಎಷ್ಟೋ ನಾಟಕದಲ್ಲಿ ನೋಡಿದೀನಿ. ಆದ್ರೆ ಅಭಿರುಚಿ ಅನ್ನೋದು ಸತ್ತೇ ಹೋಗಿರೋ ಮನೇನ ಇಷ್ಟು ಚೆನ್ನಾಗಿ ತೋರಿಸಿದ್ದು ಇವರೊಬ್ಬರೇ! ಆ ಕರ್ಟನ್ ನೋಡಿ. ಕಣ್ಣಿರೋರು ಯಾರಾದ್ರೂ ಅದನ್ನ ಕೊಂಡ್ಕೋತಾರಾ? ಆ ಗಡಿಯಾರ ನೋಡಿದ್ರೆ ಟೈಮೇ ಬೇಡ ಅನ್ಸುತ್ತೆ! ಇದನ್ನೆಲ್ಲ ಯಾವ ಗುಜರಿಯಿಂದ ಹುಡುಕಿ ತಂದ್ರಿ ಸ್ವಾಮಿ?"

ಮೈಕು ಪರದೆರಾಯನ ಬಾಯಿಯ ಹತ್ತಿರ ಬಂತು. ಆಂಟಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಗುಜರಿದಲ್ಲ ಸಾರ್, ಅವರ ಮನೇದೇ! ಎಲ್ಲಾ ಆರಿಸಿದ್ದು ಈಕೇನೇ!" ಎಂದು ಪಕ್ಕದವಳ ಕೈಯೆತ್ತಿ ತೋರಿಸಿದರು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ಹೆಂಡತಿ ವೇದಿಕೆ ಹತ್ತಿ ಬಂದಳು. ಸೋಫಾವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಮೈಕು ಕಿತ್ತುಕೊಂಡಳು.

"ನಿಮ್ಮ ಮನೆ ಇಲ್ಲೇ ಇದೆಯಲ್ಲ, ಇನ್ಮೇಲೆ ಇಲ್ಲೇ ಇರಿ!"

ಅಷ್ಟು ಹೇಳಿ ದಡದಡನೆ ಇಳಿದು ಹೊರಟೇಹೋದಳು.

ಚಪ್ಪಾಳೆ ಮುಗಿಲು ಮುಟ್ಟಿತು. ತೀರ್ಪುಗಾರರು ಕಣ್ಣೊರೆಸಿಕೊಂಡು ಪರದೆರಾಯನ ಬೆನ್ನು ತಟ್ಟಿದರು. "ಆಹಾ, ಎಂಥಾ ಮುಕ್ತಾಯ ರೀ! ಮುಂದಿನ ಪ್ರದರ್ಶನಕ್ಕೂ ಆಕೇನೇ ಹಾಕ್ಕೊಳ್ಳಿ."