ಲ್ಯಾವೆಂಡರ್ ಪರಿಮಳದ ಹಿತ್ತಾಳೆ

"ಇನ್ನು ಈ ಮನೆಗೆ ಒಂದೇ ಒಂದು ಹೆಕ್ಕಿ ತಂದ ಚಿಪ್ಪು ಬಂದರೆ ನಾನು ಬ್ರಿಟಾನೇ ಅಲ್ಲ!"

ಈ ಭೀಷ್ಮ ಪ್ರತಿಜ್ಞೆ ನಡೆದದ್ದು ಅಮೆರಿಕದ ಮೊಂಟಾನಾದ ಹುಲ್ಲುಗಾವಲಿನ ಅಂಚಿನ ಒಂದು ಅಡುಗೆಮನೆಯಲ್ಲಿ. ಬ್ರಿಟಾಳ ಒಂದು ಕೈಯಲ್ಲಿ ಮಗುವಿನ ಗಂಜಿಯ ಚಮಚ, ಇನ್ನೊಂದು ಕೈಯಲ್ಲಿ ಗಂಡನ ಗದ್ದ. ಗಂಡ ಕೋಲ್ಟರನ ಕೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಮಸಿ.

ಆದದ್ದಿಷ್ಟೇ. ಹುಲ್ಲುಗಾವಲನ್ನೆಲ್ಲ ತೂತು ಮಾಡುತ್ತಿದ್ದ ನೆಲ ಅಳಿಲುಗಳ ಮೇಲೆ ಕೋಲ್ಟರ್ ತನ್ನ ಸಣ್ಣ ಬಂದೂಕು ಹಾರಿಸಿದಾಗ ಕಾಡತೂಸಿನ ಹಿತ್ತಾಳೆ ಚಿಪ್ಪು, ಗುಂಡು ಕೂರುವ ತನ್ನ ಕತ್ತಿನ ಹತ್ತಿರ ಸೀಳಿತ್ತು. ಹೊಗೆ ಹಿಂದಕ್ಕೆ ಚಿಮ್ಮಿತ್ತು. ಆ ಊರಿನ ಗಂಡಸರು ಗುಂಡು ಹಾರಿದ ಮೇಲೆ ಉಳಿಯುವ ಚಿಪ್ಪನ್ನು ಬಿಸಾಡುವುದಿಲ್ಲ. ಅದಕ್ಕೇ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ಮತ್ತೆ ಹಾರಿಸುತ್ತಾರೆ. ಕೋಲ್ಟರನ ಅಪ್ಪ ಆರ್ವಿಲ್ ಇನ್ನೂ ಒಂದು ಹೆಜ್ಜೆ ಮುಂದೆ. ಆತ ಜನ್ಮದಲ್ಲಿ ಚಿಪ್ಪು ಕೊಂಡವನೇ ಅಲ್ಲ! ಊರಾಚೆ ಗುಂಡು ಹಾರಿಸಿ ಕಲಿಯುವ ಗುರಿ ಮೈದಾನದಲ್ಲಿ ಯಾರ್ಯಾರೋ ಬಿಟ್ಟುಹೋದದ್ದನ್ನು ಬಗ್ಗಿ ಬಗ್ಗಿ ಹೆಕ್ಕಿ, ಮಗನಿಗೆ ಕಾಫಿ ಡಬ್ಬಿಗಟ್ಟಲೆ ತಂದುಕೊಡುತ್ತಿದ್ದ.

"ಕಣ್ಣಿಗೆ ಹೊಡೆದಿದ್ರೆ ಏನು ಮಾಡ್ತಿದ್ರಿ ಮಾವ?" ಎಂದು ಬ್ರಿಟಾ ಫೋನಿನಲ್ಲೇ ಗುಡುಗಿದಳು.

"ಅವನು ಕನ್ನಡಕ ಹಾಕಿದ್ನಲ್ಲ ಹುಡುಗಿ! ಚಿಪ್ಪು ಅಂದ್ಮೇಲೆ ಒಂದೊಂದು ಸೀಳುತ್ತೆ. ನಿನ್ನ ತವರೂರು ಮಿನಿಯಾಪೊಲಿಸ್‌ನಲ್ಲಿ ಹಾಲಿನ ಬಾಟಲಿ ಒಡೆಯಲ್ವಾ?"

ಹಾಲಿನ ಬಾಟಲಿ! ಮಗುವಿನ ಕಾರ್ ಸೀಟು ಆರಿಸಲು ಬಸುರಿನ ಒಂಬತ್ತು ತಿಂಗಳೂ ಓದಿದವಳಿಗೆ ಈ ಮಾತು! ಕೋಲ್ಟರನ ಹುಟ್ಟುಹಬ್ಬಕ್ಕೆ ಲೋಕದಲ್ಲೇ ಗಟ್ಟಿಯಾದ, ಎಷ್ಟು ಸಲ ತುಂಬಿದರೂ ಸೀಳದ ಚಿಪ್ಪುಗಳನ್ನು ತಾನೇ ಆರಿಸಿ ತರುತ್ತೇನೆಂದು ಅವಳು ಟೊಂಕ ಕಟ್ಟಿದಳು. ಮಾವನ ಕಾಫಿ ಡಬ್ಬಿಯನ್ನು ಮೆಟ್ಟಿಲಿಂದ ಆಚೆಗೇ ತಳ್ಳಬೇಕು!

ಓದಿದಳು, ಓದಿದಳು, ಮಗು ಮಲಗಿದಾಗಲೆಲ್ಲ ಓದಿದಳು. ಚಿಪ್ಪಿನ ಗೋಡೆ ದಪ್ಪವೇ? ತೂಕ ಒಂದೇ ಸಮನೇ? ಕೊನೆಗೆ ಲೈಲ್‌ನ ಬಂದೂಕಿನಂಗಡಿಗೆ ಹೋಗಿ ಫಿನ್‌ಲೆಂಡಿನಿಂದ ಬಂದ ಒಂದು ನೀಲಿ ಡಬ್ಬಿ ತಂದಳು. ಊರಲ್ಲೇ ದುಬಾರಿ.

ಮನೆಗೆ ಬಂದು ಮುಚ್ಚಳ ತೆರೆದಳು.

ಪ್ರತಿ ಚಿಪ್ಪಿನ ಕತ್ತಿನ ಸುತ್ತಲೂ ಕಲೆ! ನೀಲಿ, ಕಂದು, ತಳ ಹಿಡಿದ ಪಾತ್ರೆಯ ಬಣ್ಣ! ಒಂದಲ್ಲ, ಎರಡಲ್ಲ, ಡಬ್ಬಿಯ ತುಂಬ!

"ಸುಟ್ಟ ಮಾಲು! ಯಾರೋ ಹಾರಿಸಿ ಬಿಟ್ಟದ್ದನ್ನು ತುಂಬಿಸಿ ನನ್ನ ತಲೆಗೆ ಕಟ್ಟಿದ್ದಾನೆ! ಮೀಸೆಯಡಿ ನಗ್ತಾನೇ ಕೊಟ್ಟ, ಮೋಸಗಾರ!"

ಕೋಪದಲ್ಲಿ ಅವಳಿಗೆ ಪಕ್ಕದಲ್ಲಿದ್ದ ಪೋಸಿ ಕಾಣಲಿಲ್ಲ. ಪೋಸಿಗೆ ಈಗಷ್ಟೇ ನಡೆಯಲು ಬಂದಿತ್ತು, ಜೊತೆಗೆ ಹಳದಿ ಬಾತುಕೋಳಿ ಸ್ಟಿಕ್ಕರ್‌ಗಳ ಹುಚ್ಚೂ ಹತ್ತಿತ್ತು. ಫ್ರಿಜ್ಜಿಗೆ ಬಾತು, ನಾಯಿಯ ಹಣೆಗೆ ಬಾತು, ಅಜ್ಜನ ಬೂಟಿಗೆ ಬಾತು. ಅಮ್ಮ ಕೂಗಾಡುತ್ತಿದ್ದಾಗ ಮಗು ನೆಮ್ಮದಿಯಾಗಿ ತನ್ನ ಕೆಲಸ ಮಾಡುತ್ತಿತ್ತು. ಬ್ರಿಟಾ ಡಬ್ಬಿ ಕಸಿದುಕೊಂಡು, ಮಗುವಿನ ಕೈಯನ್ನು ಸೋಪು ಹಾಕಿ ಉಜ್ಜಿ ತೊಳೆದು, ಮಗುವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಡಿಗೆ ಹೊರಟಳು.

"ಮೇಡಂ, ಆ ಕಲೆ ಇದೆಯಲ್ಲ..." ಎಂದು ಲೈಲ್ ಬಾಯಿ ತೆರೆದ.

"ಕಲೆ ಇದೆ ಅಂತ ನೀವೇ ಒಪ್ಪಿದ್ರಲ್ಲ!"

"ಇದೆ ಮೇಡಂ, ಇರ್ಲೇಬೇಕು. ಅದು..."

"ಇರ್ಲೇಬೇಕಾ? ನಾಳೆ ಕಲೆ ಇರೋ ಡೈಪರ್ ಮಾರಿ, ಇರ್ಲೇಬೇಕು ಅಂತೀರಾ? ನಮ್ಮ ಮನೇಲಿ ಚಿಕ್ಕ ಮಗು ಇದೆ!"

ಲೈಲ್ ಮಗುವನ್ನು ನೋಡಿದ. ಮಗು ಲೈಲನ ಮೀಸೆಯನ್ನು ನೋಡಿತು. ಇನ್ನು ಮಾತಾಡಿ ಫಲವಿಲ್ಲವೆಂದು ಆತ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡ. "ನಿಮಗೆ ಬೇಕಾದ್ದು ನೀವೇ ಆರಿಸ್ಕೊಳ್ಳಿ" ಎಂದು ಕೈ ಚಾಚಿ ತೋರಿಸಿದ.

ಆರಿಸಿದಳು! ಮೂಲೆಯ ಬುಟ್ಟಿಯಲ್ಲಿ ಒಂದು ಚೀಲ ಚಿಪ್ಪು ಮದುವೆ ಮನೆಯ ದೀಪದಂತೆ ಥಳಥಳಿಸುತ್ತಿತ್ತು. ಎಲ್ಲೂ ಒಂದು ಚುಕ್ಕೆ ಕಲೆಯಿಲ್ಲ. ಮೂಗಿಗೆ ಹಿಡಿದರೆ, ಆಹಾ, ಲ್ಯಾವೆಂಡರ್ ಹೂವಿನ ಘಮ! ಚಿಪ್ಪಿಗೂ ಪರಿಮಳ ಹಾಕುವಷ್ಟು ಶುಚಿಯಾದ ಜನ ಲೋಕದಲ್ಲಿ ಎಲ್ಲೋ ಇದ್ದಾರಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

ಹುಟ್ಟುಹಬ್ಬದ ದಿನ ಹುರಿದ ಎಲ್ಕ್ ಜಿಂಕೆಯ ಮಾಂಸ, ಹಕಲ್‌ಬೆರಿ ಹಣ್ಣಿನ ಪೈ ಎಲ್ಲ ಮುಗಿಯುತ್ತಿದ್ದಂತೆ ಬ್ರಿಟಾ ಉಡುಗೊರೆಯನ್ನು ಮೇಜಿನ ಮೇಲಿಟ್ಟು, ಮಾವನ ಕಡೆ ಒಂದು ನೋಟ ಬೀರಿದಳು. ಕೋಲ್ಟರ್ ಕಾಗದ ಹರಿದ. ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ತುಂಬಾ... ಹೊಳೀತಿದೆ" ಎಂದ.

"ಅಷ್ಟೇನಾ?"

"ಘಮಘಮಾನೂ ಅಂತಿದೆ."

ಆರ್ವಿಲ್‌ನ ಮೂಗು ಅರಳಿತು. ಕೈ ಚಾಚಿ ಒಂದನ್ನು ತೆಗೆದುಕೊಂಡ. ಮೂಸಿದ. ಮತ್ತೆ ಮೂಸಿದ.

"ಅರೇ! ಇದು ನಂದು!"

"ನಿಮ್ಮದು ಹೇಗಾಗತ್ತೆ ಮಾವ? ನಾನು ಲೈಲ್ ಅಂಗಡೀಲಿ ಕೊಂಡದ್ದು!"

"ಅವನಿಗೆ ಮಾರಿದ್ದೇ ನಾನು! ಗುರಿ ಮೈದಾನದಲ್ಲಿ ಹೆಕ್ಕಿದ್ದು. ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿ ಯಂತ್ರದಲ್ಲಿ ಉರುಳಿಸಿ ಹೊಳಪು ಕೊಡ್ತೀನಲ್ಲ, ಧೂಳು ಹೀರಲಿ ಅಂತ ನಿಮ್ಮತ್ತೆ ಬಟ್ಟೆ ಒಣಗಿಸೋ ಯಂತ್ರಕ್ಕೆ ಹಾಕೋ ಪರಿಮಳದ ಹಾಳೇನೂ ಒಂದು ತುರುಕ್ತೀನಿ. ಲ್ಯಾವೆಂಡರ್!"

ಬ್ರಿಟಾ ಕುರ್ಚಿಯಲ್ಲೇ ಕುಸಿದಳು. ಆದರೆ ಆರ್ವಿಲ್ ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಫೋನಲ್ಲಿ ಏನೋ ಜಂಬ ಕೊಚ್ಚಿದೆ ಹುಡುಗಿ. ಆದ್ರೆ ಇವನ ಕೆನ್ನೆ ಮಸಿ ನೆನೆಸ್ಕೊಂಡು ನನಗೂ ನಿದ್ದೆ ಹತ್ತಲಿಲ್ಲ. ಅದಕ್ಕೇ ಇದ್ದಬದ್ದ ಚಿಪ್ಪೆಲ್ಲ ಲೈಲ್‌ಗೆ ಹಾಕಿ, ಜನ್ಮದಲ್ಲಿ ಮೊದಲ್ನೇ ಸಲ ಹೊಸದು ಕೊಂಡೆ. ತಗೋ ಮಗನೇ!"

ಮೇಜಿನ ಮೇಲೆ ನೀಲಿ ಡಬ್ಬಿ ಬಂದು ಕೂತಿತು. ಫಿನ್‌ಲೆಂಡಿನದು.

ಕೋಲ್ಟರ್ ಹಾರಿಯೇಬಿಟ್ಟ. "ಅಪ್ಪಾ! ಈ ಕತ್ತಿನ ಕಲೆ ನೋಡು ಬ್ರಿಟಾ, ಸೀಳದ ಹಾಗೆ ಕತ್ತನ್ನ ಕಾಯಿಸಿ ಮೆದು ಮಾಡಿರೋ ಗುರುತು! ಕಾಯಿಸಿದ್ದೀವಿ ಅಂತ ಗೊತ್ತಾಗ್ಲಿ ಅಂತಾನೇ ಉಜ್ಜದೆ ಬಿಟ್ಟಿರ್ತಾರೆ. ಇದು ತುಂಬಾ ದುಬಾರಿ, ಅಲ್ವೇನಪ್ಪಾ?"

"ಅರ್ಧ ಬೆಲೆಗೇ ಸಿಕ್ತು! ಯಾವಳೋ ಪುಣ್ಯಾತಗಿತ್ತಿ ಕಲೆ ಇದೆ ಅಂತ ಲೈಲ್ ಜೊತೆ ಜಗಳ ಆಡಿ ವಾಪಸ್ ಬಿಸಾಕಿ ಹೋದ್ಲಂತೆ. ಯಾರು ಅಂದ್ರೆ ಹೇಳಲಿಲ್ಲ, ನಕ್ಕೂ ನಕ್ಕೂ ಅವನಿಗೆ ಉಸಿರೇ ಇರ್ಲಿಲ್ಲ. ಎಂಥ ಪೆದ್ದಿ ಇರ್ಬೇಕು ಹೇಳು!"

"ಇರ್ತಾರಪ್ಪ ಅಂಥೋರೂ" ಎಂದಳು ಬ್ರಿಟಾ, ಪೈ ತಟ್ಟೆಯನ್ನು ನೋಡುತ್ತ. ಬದುಕಿದೆ, ಹೆಸರು ಹೊರಬರಲಿಲ್ಲ!

ಅಷ್ಟರಲ್ಲಿ ಅಪ್ಪನ ತೊಡೆಯೇರಿದ ಪೋಸಿ ಡಬ್ಬಿಯನ್ನು ಬೋರಲು ಹಾಕಿ, ಕೇಕೆ ಹಾಕಿ ನಕ್ಕಳು.

"ಬಾತು!"

ಡಬ್ಬಿಯ ತಳದಲ್ಲಿ ಹಳದಿ ಬಾತುಕೋಳಿ. ಎಲ್ಲರೂ ಅದನ್ನು ನೋಡಿದರು. ಆಮೇಲೆ ಫ್ರಿಜ್ಜಿನ ಮೇಲಿನ ಬಾತು, ನಾಯಿಯ ಹಣೆಯ ಬಾತು, ಆರ್ವಿಲ್‌ನ ಬೂಟಿನ ಬಾತು. ಕೊನೆಗೆ ಬ್ರಿಟಾಳನ್ನು.

ಆರ್ವಿಲ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ.

"ಮಗಳೇ, ಇನ್ಮೇಲೆ ಚಿಪ್ಪು ಬೇಕಾದ್ರೆ ಅಂಗಡಿಗೆ ಹೋಗ್ಬೇಡ. ಸೀದಾ ನನ್ನ ಹತ್ರ ಬಾ. ನಿಮ್ಮತ್ತೆ ಈ ಸಲ ನಿಂಬೆಹಣ್ಣಿನ ಪರಿಮಳದ್ದು ತಂದಿದ್ದಾಳೆ!"