ಅತ್ತೆಯ ಜೋಕಾಲಿಗೆ ನಾನು ಹಚ್ಚಿದ ಬಣ್ಣ

ಮರದೊಳಗೆ ಇಳಿಯುವ ಬಣ್ಣ, ಅಂದರೆ ಸ್ಟೇನ್, ಹಚ್ಚುವುದು ಮಹಾವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ದ್ರಾವಣ, ದ್ರಾವಕ ಎಲ್ಲ ಬಾಯಿಪಾಠ. ಒಂದು ಹಲಗೆ ಯಾವ ಲೆಕ್ಕ!

ಹಲಗೆ ನಮ್ಮ ಅತ್ತೆಯ ಜೋಕಾಲಿಯದು. ಅವರ ಅಪ್ಪ ಸಾಗವಾನಿಯಲ್ಲಿ ಮಾಡಿಸಿ ಮದುವೆಗೆ ಕೊಟ್ಟಿದ್ದು. ಮನೆಮಂದಿಯೆಲ್ಲ ಎಣ್ಣೆತಲೆಯಲ್ಲಿ ಮಲಗಿ ಮಲಗಿ ಅದು ಕಪ್ಪಾಗಿತ್ತು. ಅತ್ತೆ ನಾಲ್ಕು ದಿನಕ್ಕೆಂದು ತವರಾದ ಹೂವಿನ ಹಿಪ್ಪರಗಿಗೆ ಹೋದರು. ಬರುವಷ್ಟರಲ್ಲಿ ಜೋಕಾಲಿಯನ್ನು ಹೊಸದು ಮಾಡಿ ಅವರ ಕಣ್ಣಲ್ಲಿ ಆನಂದಬಾಷ್ಪ ತರಿಸಲು ನಿರ್ಧರಿಸಿದೆ.

ಅಂಗಡಿಯ ಬಣ್ಣದ ಕಾರ್ಡಿನಲ್ಲಿ ಹನ್ನೆರಡು ಕಂದುಗಳಿದ್ದವು. 'ವಾಲ್ನಟ್' ಆರಿಸಿದೆ. ಹೆಸರು ಗಂಭೀರವಾಗಿತ್ತು.

"ಟೀಚರ, ಮೊದಲ ಹಳೇ ಎಣ್ಣಿ ಪೂರಾ ಕೆರೀರಿ. ಹಚ್ಚಿದ ಐದ ಮಿನಿಟಿಗೆ ಅರಿಬಿಲೆ ಒರಸಿಬಿಡ್ರಿ," ಎಂದ ಅಂಗಡಿಯವ.

"ಒರಸೂದಾದ್ರ ಹಚ್ಚೂದ್ಯಾಕ್ರಿ?"

"ಹಿಂಗ ಕೇಳಿದವ್ರು ಮತ್ತ ಬರ್ತಾರ್ರಿ," ಎಂದು ಡಬ್ಬಿ ಕೊಟ್ಟ.

ಮನೆಯಲ್ಲಿ ನನ್ನ ಗಂಡ ಸಿದ್ದರಾಮ, "ತಳದಾಗ ಒಂದೀಟು ಹಚ್ಚಿ ನೋಡ," ಎಂದರು.

"ನೋಡೂದೇನೈತಿ? ಡಬ್ಬಿ ಮ್ಯಾಲ ಚಿತ್ರಾನ ಐತಿ!"

ಕೆರೆಯಲಿಲ್ಲ, ಒರೆಸಲಿಲ್ಲ. ಧಾರಾಳವಾಗಿ ಬಳಿದೆ. ಸಂಜೆಯ ಹೊತ್ತಿಗೆ ಹಲಗೆ ನೇರಳೆಯಾಯಿತು.

"ಬದನಿಕಾಯಿಗೂ ಮರ ಇರತೈತೇನ?" ಎಂದರು ಗಂಡ, ತೀರಾ ವಿನಯದಿಂದ.

ಮರುದಿನ ಅದನ್ನು ಮುಚ್ಚಲು 'ಮಹಾಗನಿ' ಬಣ್ಣ ತಂದೆ. ಕುಂಕುಮದ ಭರಣಿ ಚೆಲ್ಲಿದಂತಾಯಿತು. ಅದನ್ನು ತಣ್ಣಗಾಗಿಸಲು ಕಪ್ಪು ಬೇಕಾಯಿತು. ಮೂರನೆಯ ಸಲ ನಾನು ಮೆಟ್ಟಿಲು ಹತ್ತುವ ಮೊದಲೇ ಅಂಗಡಿಯವ ಡಬ್ಬಿ ತೆಗೆದಿಟ್ಟಿದ್ದ!

ಈಗ ಹಲಗೆ ಒಣಗಲೊಲ್ಲದು. ಹಳೆಯ ಎಣ್ಣೆ ಹೊಸ ಸ್ಟೇನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ; ಮೂರು ಬಣ್ಣಗಳೂ ಹೊಸ್ತಿಲಲ್ಲೇ ನಿಂತು ಅಂಟಾದವು. ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟೆ. ಪಕ್ಕದ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಅದರ ಹೊಟ್ಟು ಹಾರಿ ಬಂದು ಜೋಕಾಲಿಯ ಮೇಲೆ ಕುಳಿತಿತು.

ಅದೇ ಹೊತ್ತಿಗೆ, ಒಂದು ದಿನ ಮೊದಲೇ, ಅತ್ತೆ ಬಂದರು. ಜೊತೆಗೆ ಅವರ ತಮ್ಮ ಮಲ್ಲಪ್ಪ ಮಾವ, ಹಾಲಿನಂಥ ಬಿಳಿ ಧೋತರದಲ್ಲಿ.

"ಬಸ್ಸಿನಾಗ ನಿಂತ ನಿಂತ ಸಾಕಾತವ್ವಾ," ಎನ್ನುತ್ತಾ ಮಾವ ಜೋಕಾಲಿಯತ್ತ ನಡೆದರು.

"ಮಾವಾ, ಕುಂದರಬ್ಯಾಡ್ರಿ!"

ಕುಳಿತಿದ್ದರು.

ನನ್ನ ಕೂಗಿಗೆ ಗಾಬರಿಯಾಗಿ ಎದ್ದರು. ಮಾವ ಎದ್ದರು, ಧೋತರ ಏಳಲಿಲ್ಲ!

ಗಂಡ ಓಡಿಬಂದು ಅವರಿಗೆ ಟಾವೆಲ್ ಸುತ್ತಿ ಒಳಗೆ ಕರೆದೊಯ್ದರು. ನಾನು ಸೀಮೆಎಣ್ಣೆ ಹಚ್ಚಿ ಧೋತರ ಬಿಡಿಸತೊಡಗಿದೆ. ಅತ್ತೆ ಮಾತ್ರ ಬಾಗಿಲಲ್ಲೇ ನಿಂತಿದ್ದರು. ಮೆಲ್ಲಗೆ ಬಂದು ಹಲಗೆ ಮುಟ್ಟಿ ಕೇಳಿದರು:

"ನಮ್ಮಪ್ಪನ ಹಲಗಿ ಎಲ್ಲೈತೆವ್ವಾ?"

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಈ ಪ್ರಶ್ನೆಗೆ ಸೀಮೆಎಣ್ಣೆ ಕೆಳಗಿಟ್ಟು ಎದ್ದು ನಿಂತೆ.

"ಇದ ಅದರಿ... ನಿಮಗ ಖುಷಿ ಆಗ್ಲಿ ಅಂತ..." ಎಂದವಳೇ ಗಳಗಳನೆ ಅತ್ತುಬಿಟ್ಟೆ. ಕಣ್ಣೀರು ತರಿಸುವ ಯೋಜನೆ ಸಫಲವಾಯಿತು. ಕಣ್ಣುಗಳು ಮಾತ್ರ ನನ್ನವು.

ಅತ್ತೆ ನನ್ನ ಕಂದು ಅಂಗೈಗಳನ್ನು ನೋಡಿ ನಿಟ್ಟುಸಿರುಬಿಟ್ಟರು. "ಅಳಬ್ಯಾಡ. ಮರ ಸತ್ತಿಲ್ಲ, ಮ್ಯಾಲ ಹೊಲಸು ಹತ್ತೈತಿ ಅಷ್ಟ."

ಮರುದಿನ ಅತ್ತೆ ಹಲಗೆಯನ್ನು ಅಂಗಳಕ್ಕಿಳಿಸಿ, ಒಡೆದ ಗಾಜಿನ ಚೂರಿನ ಒಂದು ಅಂಚಿಗೆ ಬಟ್ಟೆ ಸುತ್ತಿ ಕೆರೆಯತೊಡಗಿದರು. ನಾನೂ ಚೂರು ಹಿಡಿದೆ. ಮೊದಲ ಗೀರಿಗೇ ಅದನ್ನು ಕಸಿದುಕೊಂಡು ನನ್ನ ಕೈಗೆ ಪೊರಕೆ ಕೊಟ್ಟರು. ಮೂರು ದಿನ ಅವರು ಕೆರೆದರು, ನಾನು ಗುಡಿಸಿದೆ. ಜೇನಿನ ಬಣ್ಣದ ಸಾಗವಾನಿ ಮೇಲೆದ್ದಿತು.

ಜೋಕಾಲಿ ಮತ್ತೆ ತೂಗುಹಾಕಿದ ದಿನ ಪಕ್ಕದ ಮನೆಯ ಶಾಂತವ್ವ ಬಂದು ಬೆರಗಾದಳು.

"ಏಟ್ ಚಂದ ಆಗೇತ್ರಿ! ಯಾರು ಮಾಡಿದ್ರು?"

"ನಮ್ಮವ್ವ ಕೆರದ್ಲು," ಎಂದರು ಗಂಡ.

"ಮತ್ತ ಟೀಚರು?"

"ಕೆರಿಯೂಹಂಗ ಮಾಡಿದ್ಲು."

ಇಷ್ಟು ನಿಖರವಾದ ಪ್ರಶಸ್ತಿಪತ್ರ ನನಗೆ ಈವರೆಗೆ ಬೇರೆ ಯಾರೂ ಕೊಟ್ಟಿಲ್ಲ!