ಹಳದಿ ಕೋಟಿನವನ ಮೇಲೆ ಮಾವನ ಮುನಿಸು

ನಮ್ಮ ಸೋದರಮಾವ ಬಹಳ ದೊಡ್ಡ ಮನಸ್ಸಿನ ಮನುಷ್ಯ. ತೋಟದ ಬೇಲಿಯನ್ನು ವರ್ಷವರ್ಷವೂ ಇಷ್ಟಿಷ್ಟೇ ಒಳಗೆ ತಳ್ಳಿದ ಪಕ್ಕದವರನ್ನು ಕ್ಷಮಿಸಿದ್ದಾರೆ. ಹೂ ಬಿಟ್ಟ ಮೆಣಸಿನ ಬಳ್ಳಿಯನ್ನು ಕಳೆ ಎಂದು ಕಿತ್ತೆಸೆದ ಆಳನ್ನು ಕ್ಷಮಿಸಿದ್ದಾರೆ. ಅವರ ಮದುವೆಯ ದಿನವೇ ಅವರ ಹೊಸ ಚಪ್ಪಲಿ ಮೆಟ್ಟಿಕೊಂಡು ಊರು ಸೇರಿದ ಭಾವನನ್ನು, ಅಂದರೆ ನಮ್ಮಪ್ಪನನ್ನು, ಕೂಡ ಕ್ಷಮಿಸಿದ್ದಾರೆ. ಇಡೀ ಭೂಮಂಡಲದಲ್ಲಿ ಅವರು ಕ್ಷಮಿಸದೆ ಉಳಿಸಿಕೊಂಡದ್ದು ಇಬ್ಬರನ್ನು ಮಾತ್ರ. ಒಬ್ಬ ಆಲ್ದೂರಿನವನು. ಇನ್ನೊಬ್ಬ ಇಂಗ್ಲೆಂಡಿನವನು. ಆ ಇಂಗ್ಲೆಂಡಿನ ಪುಣ್ಯಾತ್ಮನಿಗಂತೂ ನಮ್ಮ ಮಾವ ಎಂಬುವರೊಬ್ಬರು ಈ ಭೂಮಿಯ ಮೇಲಿದ್ದಾರೆ ಎಂಬುದೇ ಗೊತ್ತಿರಲಿಲ್ಲ!

ಅವನೊಬ್ಬ ರಾಕ್ ಹಾಡುಗಾರ. ಮಾವ ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಕೋಣೆಯಲ್ಲಿ ಅವರ ಜೊತೆಗಿದ್ದವರು ಆಲ್ದೂರಿನ ಮಲ್ಲೇಶಣ್ಣ. ಇಬ್ಬರಿಗೂ ಓದಿಗಿಂತ ಮೊದಲು ಹತ್ತಿದ್ದು ಈ ಹಾಡುಗಾರನ ಹುಚ್ಚು. ಭುಜದವರೆಗೆ ಕೂದಲು, ಹರಿದ ಪ್ಯಾಂಟು, ಒಂದೊಂದು ಹಾಡೂ ಸತ್ಯನಾರಾಯಣ ಪೂಜೆಯಷ್ಟು ಉದ್ದ. ಓದು ಮುಗಿಸಿ ಇಬ್ಬರೂ ಊರಿಗೆ ಬಂದರು. ಮಾವ ಆಲ್ದೂರು ರಸ್ತೆಯ ಪಕ್ಕದ ತಮ್ಮ ಕಾಫಿ ತೋಟ ನೋಡಿಕೊಂಡರು. ಮಲ್ಲೇಶಣ್ಣ ಆಲ್ದೂರಿನಲ್ಲಿ ಒಣಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಮಿಲ್ಲು ಹಾಕಿದರು. ಮಾವನ ಮನೆಯ ಮುಂದಿನ ಕೋಣೆಯಲ್ಲಿ ಒಂದು ರೆಕಾರ್ಡ್ ಪ್ಲೇಯರು, ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ಡಬ್ಬ, ಅದರ ಎದುರಿಗೆ ಎರಡು ಬೆತ್ತದ ಕುರ್ಚಿ. ಭಾನುವಾರ ಬಂತೆಂದರೆ ಇಬ್ಬರೂ ಆ ಕುರ್ಚಿಗಳಲ್ಲಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಇಡೀ ಸೀಮೆಯಲ್ಲಿ ರಾಕ್ ಕೇಳುವವರು ಇವರಿಬ್ಬರೇ. ಮೂರನೆಯವರು ಯಾರಾದರೂ ಇದ್ದಿದ್ದರೆ ಅವರು ಬಾಯಿ ಬಿಟ್ಟಿಲ್ಲ.

ಮಾವ ಆ ಹಾಡುಗಾರನನ್ನು ಹೆಸರು ಹಿಡಿದು ಕರೆದವರೇ ಅಲ್ಲ. 'ನಮ್ಮೋನು' ಅನ್ನುತ್ತಿದ್ದರು. 'ನಮ್ಮೋನಿಗೆ ಹುಷಾರಿಲ್ಲವಂತೆ', 'ನಮ್ಮೋನು ಎರಡನೇ ಹೆಂಡತೀನೂ ಬಿಟ್ಟನಂತೆ!' ಹೊಸದಾಗಿ ಮದುವೆಯಾಗಿ ಬಂದ ನಮ್ಮ ಅತ್ತೆ ಪಾಪ, ಗಂಡನ ಕಡೆಯ ಯಾರೋ ದಾಯಾದಿ ಇರಬೇಕು ಎಂದುಕೊಂಡಿದ್ದರು. ಎರಡು ಬಿಟ್ಟ ಗಂಡಿಗೆ ಮೂರನೆಯದಾಗಿ ಯಾರು ಹೆಣ್ಣು ಕೊಟ್ಟಾರು ಎಂದು ಕೊರಗಿ, ತವರಿನಲ್ಲಿ ಒಂದೆರಡು ಕಡೆ ವಿಚಾರಿಸಿಯೂ ಬಿಟ್ಟಿದ್ದರಂತೆ.

ಹೀಗಿರುವಾಗ ಎಂಬತ್ತರ ದಶಕ ಬಂತು. ನಮ್ಮೋನು ಕೂದಲು ಕತ್ತರಿಸಿದ! ಹಳದಿ ಕೋಟು ತೊಟ್ಟ! ಮೂರೇ ನಿಮಿಷದ ಹಾಡು, ಯಂತ್ರದಲ್ಲಿ ಬಾರಿಸಿದ ಧಡ್ ಧಡ್ ಡ್ರಮ್ಮು, ಕುಣಿಯುವವರಿಗೆಂದೇ ಮಾಡಿದ ಪ್ಲೇಟು. ಪ್ರಪಂಚವೆಲ್ಲ ಆ ಪ್ಲೇಟಿಗೆ ಕುಣಿಯಿತು. ಮಲ್ಲೇಶಣ್ಣ ಬೆಂಗಳೂರಿನಿಂದ ಅದನ್ನು ತಂದು, ಸ್ನೇಹಿತನಿಗೆ ಉಡುಗೊರೆ ಎಂದು ಪ್ಲೇಯರಿನ ಮೇಲೆ ತಾವೇ ಹಾಕಿದರು. ಮೊದಲ ಹಾಡು ಮುಗಿಯುವುದರೊಳಗೆ ಮಾವ ಎದ್ದು ಮುಳ್ಳು ಎತ್ತಿದರು.

"ಇದು ಚಿಕೋರಿ ಹಾಕಿದ ಕಾಫಿ ಕಣೋ! ನಮ್ಮೋನು ದುಡ್ಡಿಗೆ ಮಾರಿಕೊಂಡ."

"ಚಿಕೋರಿ ಹಾಕಿದ್ರೇ ನಾಲ್ಕು ಜನ ಕುಡಿಯೋದು ಮಾರಾಯ. ನಿನ್ನ ಹಂಗೆ ಎಲ್ಲರೂ ಕಷಾಯ ಕುಡೀತಾರನ?"

ತೋಟ ಇಟ್ಟುಕೊಂಡವರ ಮನೆಯಲ್ಲಿ ಕೂತು ಅವರ ಕಾಫಿಯನ್ನು ಕಷಾಯ ಅನ್ನಬಹುದೇ? ಹೆತ್ತ ಮಗುವನ್ನು ಕುರೂಪಿ ಎಂದರೂ ತಡೆದುಕೊಂಡಾರು! ಮಾವ ಬಾಗಿಲು ತೋರಿಸಿದರು. ಮಲ್ಲೇಶಣ್ಣ ಮೆಟ್ಟಿಲಿಳಿದು ಹೋದರು. ಅಂದಿನಿಂದ ಮಾತು ಬಂದ್. ನಮ್ಮೋನು 'ಆ ಹಳದಿ ಕೋಟು' ಆದ, ಮಲ್ಲೇಶಣ್ಣ 'ಆ ಹಲ್ಲರಿನವನು' ಆದರು. ಆಲ್ದೂರಿನ ಹಲ್ಲರ್ ಕೂಗಳತೆಯಲ್ಲಿದ್ದರೂ ಮಾವ ಕಾಫಿ ಮೂಟೆಗಳನ್ನು ಟ್ರಾಕ್ಟರಿಗೆ ಹೇರಿ ದೂರದ ಗೋಣಿಬೀಡಿನ ಹಲ್ಲರಿನವರೆಗೆ ಕಳಿಸತೊಡಗಿದರು. ಕಾಫಿಯ ಸಿಪ್ಪೆಯೇನೋ ಹೋಗುತ್ತಿತ್ತು, ಡೀಸೆಲ್ಲಿಗೆ ಮಾವನ ಸಿಪ್ಪೆಯೂ ಹೋಗುತ್ತಿತ್ತು. ಆ ಪ್ಲೇಟನ್ನು ಮಾವ ಕಣ್ಣೆತ್ತಿ ನೋಡಲಿಲ್ಲ. ಅತ್ತೆ ಉಪ್ಪಿನಕಾಯಿ ಭರಣಿಗಳ ಎಣ್ಣೆ ಹಲಗೆಗೆ ಹತ್ತದಿರಲಿ ಎಂದು ಅದನ್ನು ಕವರಿನ ಸಮೇತ ಭರಣಿಗಳ ಅಡಿಗೆ ಹಾಸಿದರು.

ಆದರೆ ಎರಡನೇ ಬೆತ್ತದ ಕುರ್ಚಿ ಮಾತ್ರ ಕದಲಲಿಲ್ಲ. ಒಮ್ಮೆ ನಾನು ಅದರಲ್ಲಿ ಕೂರಲು ಹೋದೆ.

"ಏಳೇ, ಏಳೇ! ಅದರ ಕಾಲು ಸರಿಯಿಲ್ಲ," ಎಂದು ಮಾವ ಗದರಿದರು.

ನಾನು ಬಗ್ಗಿ ನೋಡಿದೆ. ನಾಲ್ಕೂ ಕಾಲು ಆನೆಯ ಕಾಲಿನ ಹಾಗೆ ಗಟ್ಟಿಯಾಗಿದ್ದವು. ಅಡುಗೆಮನೆಗೆ ಹೋದಾಗ ಅತ್ತೆ ಮೆಲ್ಲಗೆ ಹೇಳಿದರು: "ಕಾಲು ಸರಿಯಾಗೇ ಇದೆ ಕಣೇ. ಕೂರೋರು ಬರಲಿಲ್ಲ, ಅಷ್ಟೆ. ಅವರು ಬಂದು ತಪ್ಪಾಯ್ತು ಅನ್ಬೇಕಂತೆ. ಅಲ್ಲಿವರೆಗೂ ನಿಮ್ಮ ಮಾವನಿಗೆ ಹಾಡೂ ರುಚಿಸಲ್ಲ, ಊಟಾನೂ ರುಚಿಸಲ್ಲ." ಆಲ್ದೂರಿನಲ್ಲಿ ಮಲ್ಲೇಶಣ್ಣನೂ ಇದೇ ಮಾತಿಗೆ ಕಾಯುತ್ತಿದ್ದರು ಎಂದು ಅವರ ಹೆಂಡತಿ ಗಿರಿಜಕ್ಕ ಅತ್ತೆಗೆ ಹೇಳಿದ್ದರಂತೆ. ಗಂಡಂದಿರು ಮಾತು ಬಿಟ್ಟರೆ ಹೆಂಡಂದಿರೂ ಬಿಡಬೇಕೇ? ಸಂತೆಯಲ್ಲಿ ಸಿಕ್ಕಾಗಲೆಲ್ಲ ಇವರಿಬ್ಬರೂ ಸೊಪ್ಪು ಕೊಳ್ಳುವುದನ್ನೂ ಮರೆತು ಮಾತಾಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರಿನ ಒಂದು ಛತ್ರದಲ್ಲಿ ನನ್ನ ಮದುವೆಯಾಯಿತು. ಎರಡು ಮನೆಯವರನ್ನೂ ಕರೆದಿದ್ದೆವು. ಊಟದ ಹೊತ್ತಿಗೆ ಹೊರಗೆ ಬ್ಯಾಂಡಿನವರು ಶುರುಮಾಡಿದರು. ಯಾವುದೋ ಹಿಂದಿ ಸಿನಿಮಾದವರು ಹಳದಿ ಕೋಟಿನವನ ಟ್ಯೂನನ್ನೇ ಕದ್ದಿದ್ದರು, ಬ್ಯಾಂಡಿನವರು ಸಿನಿಮಾದಿಂದ ಕದ್ದಿದ್ದರು. ಎದುರು ಪಂಕ್ತಿಯಲ್ಲಿದ್ದ ಮಲ್ಲೇಶಣ್ಣ ಎಡಗೈಯಲ್ಲಿ ಬೆಂಚಿನ ಮೇಲೆ ತಾಳ ಹಾಕತೊಡಗಿದರು. ಮಾವ ನೋಡಿದರು. ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಎದ್ದು ನಿಂತರು!

ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯದೆ ಏಳಬಾರದು. ಅದರಲ್ಲೂ ಹೆಣ್ಣಿನ ಸೋದರಮಾವ ಎದ್ದರೆ ಕೇಳಬೇಕೇ? ಗಂಡಿನ ಕಡೆಯವರ ಕೈ ಬಾಯಿಯ ಹತ್ತಿರವೇ ನಿಂತಿತು. ನನ್ನ ಗಂಡನ ಅಪ್ಪ ಓಡಿ ಬಂದು ಕೈ ಮುಗಿದರು: "ನಮ್ಮಿಂದ ಏನು ಲೋಪ ಆಯ್ತು, ಹೇಳಿ!" ಸೋದರಮಾವ ಗಂಭೀರವಾಗಿ ಹೇಳಿದರು: "ನಿಮ್ಮದೇನೂ ಇಲ್ಲ. ಇಂಗ್ಲೆಂಡಿನವರದ್ದು." ನಮ್ಮ ಮನೆತನದಲ್ಲಿ ಬುದ್ಧಿಭ್ರಮಣೆ ಇರಬಹುದು ಎಂಬ ಅನುಮಾನ ನನ್ನ ಗಂಡನ ಮನೆಯವರಿಗೆ ಹುಟ್ಟಿದ್ದು ಆ ದಿನ. ಇನ್ನೂ ಪೂರ್ತಿ ಹೋಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಮಳೆ ಜೋರಾಗಿ ಹಿಡಿದು ಮಾವನ ಪ್ಲೇಟುಗಳಿಗೆಲ್ಲ ಬೂಷ್ಟು ಬಂತು. ಒರೆಸಿದರೂ ಹೋಗಲಿಲ್ಲ. ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಒಣಗುತ್ತಿತ್ತು. ಮಾವನ ತಲೆ ಓಡಿತು. ಕಾಫಿ ಬೆಳೆಯುವವರಿಗೆ ಯಾವ ರೋಗಕ್ಕೂ ಗೊತ್ತಿರುವ ಮದ್ದು ಒಂದೇ, ಬಿಸಿಲು! ಪ್ಲೇಟುಗಳನ್ನೆಲ್ಲ ತಂದು ಕಣದ ಸಿಮೆಂಟಿನ ಮೇಲೆ ಸಾಲಾಗಿ ಹರವಿದರು. ಅಷ್ಟಕ್ಕೇ ಬಿಟ್ಟರೇ? ಒಂದೇ ಕಡೆ ಒಣಗಿದರೆ ಕಾಫಿ ಕೆಡುತ್ತದಲ್ಲ! ಕಾಫಿ ಕೆದಕುತ್ತಿದ್ದ ಸೀತಮ್ಮನಿಗೆ, ಪ್ಲೇಟುಗಳನ್ನೂ ಆಗಾಗ ಮಗುಚಿ ಹಾಕಬೇಕೆಂದು ಅಪ್ಪಣೆ ಕೊಟ್ಟು ಒಳಗೆ ಹೋಗಿ ಮಲಗಿದರು. ಸೀತಮ್ಮ ಶ್ರದ್ಧೆಯಿಂದ ಮಗುಚಿದಳು. ಸಂಜೆ ಮಾವ ಬಂದು ನೋಡುವಾಗ ನಮ್ಮೋನ ಸಾಧನೆಯೆಲ್ಲ ಸೊಟ್ಟಗಾಗಿ, ಅಂಚು ಮೇಲೆದ್ದು ಕೂತಿತ್ತು.

"ಅಯ್ಯಾ, ಒಳ್ಳೆ ಹಪ್ಪಳ ಆಗಿದಾವೆ," ಎಂದಳು ಸೀತಮ್ಮ. "ಇನ್ನು ಕರಿಯೋದೊಂದೇ ಬಾಕಿ."

ಉಳಿದದ್ದು ಒಂದೇ ಪ್ಲೇಟು. ಯಾವುದು ಹೇಳಿ? ಮಾವ ಬಿಸಿಲಿಗೂ ಲಾಯಕ್ಕಿಲ್ಲ ಎಂದು ಬಿಟ್ಟಿದ್ದ ಹಳದಿ ಕೋಟು! ಮಿಡಿ ಉಪ್ಪಿನಕಾಯಿಯ ಭಾರಕ್ಕೆ ಅದು ಕನ್ನಡಿಯಷ್ಟು ಚಪ್ಪಟೆಯಾಗಿತ್ತು. ಹಾಡುಗಾರನ ಮುಖದ ಮೇಲೆ ಭರಣಿಯ ಗುಂಡು ಗುರುತು ಮಾತ್ರ ಬಿದ್ದಿತ್ತು.

ಮಾವ ಎರಡು ವಾರ ಉಪವಾಸ ಹಿಡಿದವರ ಹಾಗೆ ಓಡಾಡಿದರು. ಆಮೇಲೆ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾರೆ ಎಂದುಕೊಂಡು, ಸದ್ದು ಕಡಿಮೆ ಮಾಡಿ ಹಾಕಿಯೇಬಿಟ್ಟರು. ಅತ್ತೆ ಬಾಗಿಲ ಸಂದಿಯಿಂದ ನೋಡಿದರೆ ಮಾವನ ಬಲಗಾಲು ತಾಳ ಹಾಕುತ್ತಿದೆ!

"ಏನ್ರೀ ಅದು, ಕಾಲು ಕುಣೀತಾ ಇದೆ?"

"ಇರುವೆ ಕಣೇ! ಇರುವೆ ಹತ್ತಿತ್ತು."

ಆ ಬೇಸಿಗೆಯಲ್ಲಿ ಮಾವನ ಕಾಲಿಗೆ ದಿನಾ ಇರುವೆ ಹತ್ತಿತು. ನಾನು ಹೋದಾಗ ಅವರ ತೀರ್ಪುಗಳು ಚೂರುಚೂರಾಗಿ ಹೊರಬರುತ್ತಿದ್ದವು. "ಮೂರನೇ ಹಾಡಿನಲ್ಲಿ ಗಿಟಾರಿನವನು ಪಾಪ ಮರ್ಯಾದಸ್ಥ ಕಣೇ." ಮತ್ತೊಂದು ದಿನ: "ಹೃದಯ ಒಡೆದಾಗ ಮನುಷ್ಯ ಕುಣಿಯೋ ಹಾಡನ್ನೂ ಬರೀತಾನೆ. ನಾವು ಆಗ ಹುಡುಗರು, ಗೊತ್ತಾಗಲಿಲ್ಲ." ಆದರೂ ಚಿಕೋರಿ ಚಿಕೋರಿಯೇ ಎಂದು ಕೊನೆಗೆ ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ.

"ನೋಡಿ, ಮದುವೆಯಾಗಿ ಬಂದಾಗಿನಿಂದ ನಿಮ್ಮ ಕಾಫಿಗೆ ನಾನು ಚಿಕೋರಿ ಹಾಕ್ತಾನೇ ಇದೀನಿ. ನೀವು ಇಂಥ ಕಾಫಿ ಎಲ್ಲೂ ಸಿಗಲ್ಲ ಅಂತ ಚಪ್ಪರಿಸ್ತಾನೇ ಇದೀರಿ."

ಮಾವ ಕೈಯಲ್ಲಿದ್ದ ಲೋಟವನ್ನು ನೋಡಿದರು, ಅತ್ತೆಯನ್ನು ನೋಡಿದರು, ಕಾಫಿಯನ್ನು ಕುಡಿದು ಮುಗಿಸಿದರು.

"ಇಷ್ಟಾದ ಮೇಲೆ ಆಲ್ದೂರಿಗೆ ಹೋಗಿ ಬರಬಾರದಾ ಮಾವ?" ಎಂದೆ. "ಅವನು ಮೊದಲು ಬರಲಿ," ಎಂದರು. ಕಾಲು ಒಪ್ಪಿಕೊಂಡಿತ್ತು, ಬಾಯಿ ಒಪ್ಪಬೇಕಲ್ಲ!

ಆ ವರ್ಷದ ಮಳೆ ಮುಗಿದ ಮೇಲೆ ನಾನು ಮಾವನ ಮನೆಗೆ ಹೋಗಿದ್ದಾಗ ಅತ್ತೆ ಸಂತೆಯಿಂದ ಬಂದು ಚೀಲ ಇಳಿಸುತ್ತ ಹೇಳಿದರು: "ಮಲ್ಲೇಶಣ್ಣಂಗೆ ಕಿವಿ ಹೋಗಿದೆಯಂತೆ. ಇಷ್ಟು ವರ್ಷ ಹಲ್ಲರ್ ಪಕ್ಕದಲ್ಲೇ ಇದ್ದರಲ್ಲ. ಬೆಂಗಳೂರಿನ ಡಾಕ್ಟ್ರೂ ಆಗಲ್ಲ ಅಂದ್ರಂತೆ. ಮಿಷನ್ ಓಡ್ತಿರೋದು ಕುರ್ಚಿ ನಡುಗಿದ್ರೆ ಮಾತ್ರ ಗೊತ್ತಾಗತ್ತಂತೆ. ಹಾಡಿನ ಪೆಟ್ಟಿಗೆ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಾರೆ ಅಂತ ಗಿರಿಜಕ್ಕ ಕಣ್ಣೀರು ಹಾಕಿದ್ರು."

ಮಾವ ಎರಡನೇ ಕುರ್ಚಿಯನ್ನೇ ನೋಡುತ್ತ ಕೂತರು. "ಇನ್ನು ತಪ್ಪಾಯ್ತು ಅಂದ್ರೂ ಅವನಿಗೆ ಕೇಳಲ್ವಲ್ಲೇ," ಎಂದರು. ಯಾರ ತಪ್ಪು ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಜೀಪಿಗೆ ಪ್ಲೇಯರು ಹತ್ತಿತು. ಸ್ಪೀಕರ್ ಡಬ್ಬವನ್ನು ನಾನೂ ಅತ್ತೆಯೂ ಏದುಸಿರು ಬಿಡುತ್ತ ಎತ್ತಿಟ್ಟೆವು. ಕೊನೆಗೆ ಮಾವ ಹಳದಿ ಕೋಟನ್ನು ಎದೆಗವಚಿಕೊಂಡು ಹತ್ತಿದರು. ಆಲ್ದೂರಿನಲ್ಲಿ ಮಿಲ್ಲು ನಿಂತಿತ್ತು. ಜಗಲಿಯ ಮೇಲೆ ಕೂತಿದ್ದ ಮಲ್ಲೇಶಣ್ಣ ನಮ್ಮನ್ನು ಕಂಡು ಎದ್ದರು. ತಮ್ಮ ದನಿ ತಮಗೇ ಕೇಳದೆ ಬಸ್‌ಸ್ಟ್ಯಾಂಡಿಗೆ ಮುಟ್ಟುವ ಹಾಗೆ ಕೂಗಿದರು: "ಏನ್ ಮಾರಾಯ, ಕಾಫಿ ತಂದ್ಯನ? ಗೋಣಿಬೀಡು ಮುಚ್ಚಿತನ?"

ಮಾವ ಡಬ್ಬವನ್ನು ಜಗಲಿಯ ಮೇಲಿಡಿಸಿದರು, ವೈರು ಸಿಕ್ಕಿಸಿದರು, ಪ್ಲೇಟು ಹಾಕಿ ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಹಳೆಯ ಹಾಡುಗಳ ನವಿರಾದ ಗಿಟಾರು ಯಾವುದೂ ಆ ಕಿವಿಗೆ ತಲುಪುತ್ತಿರಲಿಲ್ಲ. ಆದರೆ ಈ ಪ್ಲೇಟಿನಲ್ಲಿ ಮಾವ ಬೈದು ಬೈದು ಇಟ್ಟಿದ್ದ ಯಂತ್ರದ ಡ್ರಮ್ಮು ಇತ್ತಲ್ಲ! ಧಡ್ ಧಡ್ ಎಂದು ಶುರುವಾದೊಡನೆ ಮಾವ ಮಲ್ಲೇಶಣ್ಣನ ಕೈ ಹಿಡಿದು ಡಬ್ಬದ ಮೇಲಿಟ್ಟು ಒತ್ತಿದರು.

ಮಲ್ಲೇಶಣ್ಣನ ಹುಬ್ಬು ಮೇಲೆದ್ದಿತು. ಕವರಿನ ಮೇಲಿನ ಹಳದಿ ಕೋಟನ್ನು ನೋಡಿದರು, ಮಾವನನ್ನು ನೋಡಿದರು. ಮೊದಲು ಬೆರಳು ಕುಣಿಯಿತು, ಆಮೇಲೆ ತಲೆ, ಆಮೇಲೆ ಕಾಲು. ಹಾಡು ಬದಲಾದಾಗ ಕೈಯಲ್ಲೇ ಗುರುತು ಹಿಡಿದು, "ಇದು ಎರಡನೇದು!" ಎಂದು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗ ನಮ್ಮ ಮಾವ ಸ್ನೇಹಿತನ ಮುಖದ ಎದುರಿಗೆ ಬಂದು, ಒಂದೊಂದೇ ಅಕ್ಷರ ಬಿಡಿಸಿ, ಆಲ್ದೂರಿಗೆಲ್ಲ ಕೇಳುವ ಹಾಗೆ ಹೇಳಿದರು: "ಚೆನ್ನಾಗಿದೆ ಕಣೋ! ನಮ್ಮೋನು ಚೆನ್ನಾಗೇ ಮಾಡಿದಾನೆ! ನಂದೇ ತಪ್ಪು!"

ಮಲ್ಲೇಶಣ್ಣ ಕಿವಿಗೆ ಅಂಗೈ ಆನಿಸಿದರು. "ಏನಂದೆ? ಕೇಳ್ಸಲ್ಲ ಮಾರಾಯ. ಇನ್ನೊಂದ್ಸಲ ಹೇಳು."

ಮಾವ ಇನ್ನೊಂದು ಸಲ ಕೂಗಿದರು.

"ಆಂ? ಇನ್ನೊಂದ್ಸಲ!"

"ಸುಳ್ಳು ಕಣಣ್ಣ!" ಎಂದರು ಗಿರಿಜಕ್ಕ, ಅಳುತ್ತಲೇ ನಗುತ್ತ. "ತುಟಿ ನೋಡಿದ್ರೆ ಅವರಿಗೆ ಎಲ್ಲಾ ತಿಳಿಯತ್ತೆ. ಮೊದಲನೇ ಸಲಾನೇ ತಿಳಿದಿದೆ."

ಮಾವನಿಗೂ ಅದು ತಿಳಿದಿತ್ತು. ಆದರೂ ಕೇಳಿದಷ್ಟು ಸಲವೂ ಹೇಳಿದರು, ಗಂಟಲು ಕಟ್ಟುವವರೆಗೂ ಹೇಳಿದರು. ಆಮೇಲೆ ತಮ್ಮ ಕೈಯನ್ನೂ ಮಲ್ಲೇಶಣ್ಣನ ಕೈಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಹಾಡು ಮುಗಿದು ಪ್ಲೇಟು ಸುಮ್ಮನೆ ಸುತ್ತುತ್ತಿತ್ತು. ಮುಳ್ಳು ಎತ್ತಲು ನಾನು ಏಳಲಿಲ್ಲ. ಇಬ್ಬರ ಕೈಗಳೂ ಇನ್ನೂ ಡಬ್ಬದ ಮೇಲೇ ಇದ್ದವು.